ಹೇರು ಇಳಿಸಿ ಬಂದ ಸಾಕ್ಷಿ

ಕಳಸದ ಪೇಟೆಯಲ್ಲಿ ಇವತ್ತಿಗೂ ಒಂದು ಸುಳ್ಳು ಕಾಲು ಚಾಚಿಕೊಂಡು ಕೂತಿದೆ. ಸುಂಕದ ಮಸೂದೆ ಪರಿಶೀಲಿಸಲು ಮೈಸೂರಿನ ಸಮಿತಿ ಚಿಕ್ಕಮಗಳೂರಿಗೆ ಬಂದಿದ್ದಾಗ, ಹೇರೆತ್ತಿನ ಗುಲಾಮ್ ಮುಸ್ತಫಾ ಸಾಕ್ಷಿ ಹೇಳಲು ನಿಂತವನು ದೊಡ್ಡವರ ಮುಖ ಕಂಡು ಬೆದರಿ, ಬಾಗಿಲಲ್ಲಿ ಬಿಟ್ಟಿದ್ದ ಜೋಡನ್ನೂ ಮೆಟ್ಟದೆ ಓಡಿಬಿಟ್ಟ ಅನ್ನುವುದು ಆ ಸುಳ್ಳು. ಕಾಫಿ ಹೋಟೆಲಿನ ಬೆಂಚಿನ ಮೇಲೆ ಯಾರಾದರೂ ಈ ಮಾತು ತೆಗೆದರೆ ಮುಸ್ತಫಾ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. ಜೋಡು ಮೆಟ್ಟದೆ ಹೋದದ್ದು ನಿಜ, ಅದನ್ನು ಅವನೇ ಒಪ್ಪುತ್ತಾನೆ. ಓಡಿದ್ದು ಮಾತ್ರ ಸುಳ್ಳು. ಹೇರು ಹೊತ್ತ ಎತ್ತುಗಳನ್ನು ಹೊಡೆದುಕೊಂಡು ಓಡಿದವನನ್ನು ಈ ಘಟ್ಟದಲ್ಲಿ ಯಾರು ಕಂಡಿದ್ದಾರೆ? ಎತ್ತಿನ ನಡಿಗೆಯನ್ನು ಸ್ವಲ್ಪ ಬಿಗಿ ಮಾಡಿದರೂ ಹೇರು ವಾಲುತ್ತದೆ, ವಾಲಿದರೆ ಎತ್ತಿನ ಬೆನ್ನು ಹೋಯಿತು. ಇಷ್ಟೂ ತಿಳಿಯದವರು ಇನ್ನೊಬ್ಬನ ಮರ್ಯಾದೆಯ ಮಾತಾಡುತ್ತಾರೆ. ಅಂಥವರ ಬಾಯಿಗೆ ಬೀಗ ಹಾಕಲಾಗದು. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬಹುದು, ಅಷ್ಟೆ.

ಮುಸ್ತಫಾನ ಮನೆತನಕ್ಕೆ ಹೇರಿನ ಕೆಲಸ ಅಪ್ಪನ ಕಾಲದಿಂದ ಬಂದದ್ದು. ಗಾಡಿಯ ಚಕ್ರ ಉರುಳದ ದಾರಿಯಲ್ಲಿ ಎತ್ತಿನ ಬೆನ್ನಿಗೇ ಎರಡೂ ಮಗ್ಗುಲು ಚೀಲ ಇಳಿಬಿಟ್ಟು ಸಾಗಿಸುವುದಕ್ಕೆ ಹೇರು ಅನ್ನುತ್ತಾರೆ. ಹೊರನಾಡು, ಕಳಸದ ಸುತ್ತಿನ ತೋಟಗಳಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಚೀಲ ಸೇರಿದ ಮೇಲೆ ಅದು ಬಾಳೂರು, ಕೊಟ್ಟಿಗೆಹಾರ, ಮೂಡಿಗೆರೆ ಹಾದು ಚಿಕ್ಕಮಗಳೂರಿನ ಮಂಡಿ ಮುಟ್ಟಬೇಕಾದರೆ ಇವನಂಥವರ ಎತ್ತುಗಳೇ ಆಗಬೇಕಿತ್ತು. ಮುಂದಿನ ಎತ್ತಿನ ಕೊರಳಿಗೆ ಕಂಚಿನ ಗಂಟೆ, ಹಿಂದೆ ಸಾಲು, ಸಾಲಿನ ಪಕ್ಕದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡ ಮುಸ್ತಫಾ. ಅವನ ಎತ್ತುಗಳ ಬೆನ್ನಿನಲ್ಲಿ ಒಂದು ಹುಣ್ಣು ಹುಡುಕಿ ತೆಗೆದವರಿಲ್ಲ. ಅವನ ಹೇರಿನಲ್ಲಿ ಒಂದು ಚೀಲ ನೆನೆದದ್ದಿಲ್ಲ. ಇದು ಅವನು ಹೇಳಿಕೊಂಡದ್ದಲ್ಲ, ಮಂಡಿಯವರು ಹೇಳಿದ್ದು. ಅವನು ಹೇಳಿಕೊಂಡದ್ದು ಇದಕ್ಕಿಂತ ಹೆಚ್ಚು.

ಕೋಪ ಮಾತ್ರ ಮೂಗಿನ ತುದಿಯಲ್ಲೇ. ಆದರೆ ಆ ಕೋಪಕ್ಕೂ ಒಂದು ಕಟ್ಟು ಇತ್ತು, ಅದನ್ನು ತಿಳಿಯದೆ ಮುಂದಿನ ಕಥೆ ತಿಳಿಯುವುದಿಲ್ಲ.

ಹೇರು ಎತ್ತುವ ದಿನ ತೋಟದ ಯಜಮಾನರು ಹೇರಿನವನಿಗೆ ಎಲೆ ಅಡಿಕೆ ಕೊಡುತ್ತಾರೆ. ಎಲೆಯನ್ನು ಅಲ್ಲೇ ಮೆಲ್ಲಬೇಕು. ಅಡಿಕೆಯನ್ನು ಮೆಲ್ಲಬಾರದು. ಆ ಇಡೀ ಗೋಟಡಿಕೆಯನ್ನು ತಲೆಯ ರುಮಾಲಿನ ಸೆರಗಿಗೆ ಗಂಟು ಹಾಕಿಕೊಳ್ಳಬೇಕು. ದಾರಿಯುದ್ದಕ್ಕೂ ಅದು ಅಲ್ಲಿರುತ್ತದೆ. ಮಂಡಿಯಲ್ಲಿ ಚೀಲಗಳು ನೆಲ ಮುಟ್ಟಿದ ಮೇಲೆ ಗಂಟು ಬಿಚ್ಚಿ ಅಡಿಕೆಯನ್ನು ಯಜಮಾನರ ಕಡೆಯವರ ಕೈಗೆ ಕೊಡಬೇಕು, ಅವರು ‘ಹೇರು ಇಳೀತು’ ಅನ್ನಬೇಕು. ಅಡಿಕೆ ಗಂಟಿನಲ್ಲಿ ಇರುವಷ್ಟು ಹೊತ್ತು ಹೇರಿನವನು ಆ ಯಜಮಾನರ ವಿರುದ್ಧ ತುಟಿ ಬಿಚ್ಚುವಂತಿಲ್ಲ. ಬಾಡಿಗೆ ಸಾಲದು ಅನ್ನುವಂತಿಲ್ಲ, ಚೀಲ ಭಾರ ಅನ್ನುವಂತಿಲ್ಲ, ಮೂರನೆಯವರ ಮುಂದೆ ಅವರ ಮಾತನ್ನು ಅಲ್ಲಗಳೆಯುವಂತಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ನಡುದಾರಿಯಲ್ಲಿ ಜಗಳ ಹತ್ತಿ, ಹೇರನ್ನು ಕಾಡಿನಲ್ಲೇ ಕೆಡವಿ ಹೋದವರಿದ್ದರಂತೆ. ಅಲ್ಲಿಂದ ಈ ಕಟ್ಟು. ಬರೆದಿಟ್ಟವರಿಲ್ಲ, ಮುರಿದವರೂ ಇಲ್ಲ.

ಇಂಥ ಕಟ್ಟು ಮುಸ್ತಫಾನಂಥ ಮನುಷ್ಯನಿಗೆ ಎಷ್ಟು ಕಷ್ಟ ಅನ್ನುವುದನ್ನು ಯಾರಾದರೂ ಊಹಿಸಬಹುದು. ಘಟ್ಟದುದ್ದಕ್ಕೂ ನುಂಗಿಕೊಂಡು ಬಂದದ್ದನ್ನೆಲ್ಲ ಅವನು ಮಂಡಿಯಲ್ಲಿ ಇಳಿಸುತ್ತಿದ್ದ. ಚೀಲ ಇಳಿಯಿತು, ಅಡಿಕೆ ಕೈ ಬದಲಾಯಿತು ಅನ್ನುವಾಗ ಅಕ್ಕಪಕ್ಕದ ಅಂಗಡಿಯವರು ತಕ್ಕಡಿ ಬಿಟ್ಟು ಬರುತ್ತಿದ್ದರು, ಮುಸ್ತಫಾ ಸಾಬರ ಬಾಯಿ ಕೇಳಲು. ಬೈಗುಳ ಹೆಚ್ಚಾಗಿ ಬೀಳುತ್ತಿದ್ದದ್ದು ಮಂಡಿಯ ಲೆಕ್ಕ ಬರೆಯುವ ರೈಟರ್ ಲಿಂಗಪ್ಪನ ಮೇಲೆ. ಲಿಂಗಪ್ಪ ವಿಭೂತಿ ಬಳಿದುಕೊಂಡ, ಮಾತು ಕಡಿಮೆಯ, ಚೀಲದ ಬಾಯಿಗೆ ಮೂಗಿಟ್ಟು ತೇವ ಪತ್ತೆ ಮಾಡುವ ಮನುಷ್ಯ. ಇವನ ಚೀಲದಲ್ಲಿ ತೇವ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮೂಗಿಡುತ್ತಿದ್ದ. ಅದಕ್ಕೇ ಜಗಳ. ಕಾಫಿ ಬೀಜಕ್ಕಿಂತ ಕರಿ ಮನಸ್ಸಿನವನೇ, ನಿನ್ನ ಮೂಗನ್ನು ಇರುವೆ ಮುತ್ತಲಿ ಎಂದು ಶುರುವಾದರೆ ಅವನ ತಕ್ಕಡಿ, ಅವನ ನಡಿಗೆ, ಅವನ ಕನ್ನಡಕದ ದಾರ, ಒಂದನ್ನೂ ಬಿಡುತ್ತಿರಲಿಲ್ಲ. ಲಿಂಗಪ್ಪ ಕೇಳಿಸಿಕೊಂಡೇ ಚೀಲಗಳಿಗೆ ಗುರುತು ಹಾಕುತ್ತ, ಎಲ್ಲ ಮುಗಿದ ಮೇಲೆ ಆಯ್ತಾ ಸಾಬ್ರೆ ಎಂದು ಕುಡಿಯಲು ನೀರು ಕೊಡಿಸುತ್ತಿದ್ದ.

ಆ ಮಂಡಿ ಚಂದ್ರಶೇಖರಪ್ಪನವರದು. ಕಳಸದ ಮೇಲೆ ತೋಟ, ಚಿಕ್ಕಮಗಳೂರಿನಲ್ಲಿ ಮಂಡಿ, ಸಭೆ ಸಮಾರಂಭದಲ್ಲಿ ಮುಂದಿನ ಕುರ್ಚಿ. ಕೆಟ್ಟವರು ಅನ್ನಲಾಗದು. ಮೆದು ಮಾತು, ಎಣಿಸಿದ ಮಾತು. ಮುಸ್ತಫಾನ ಹೇರಿನಲ್ಲಿ ಬಹುಪಾಲು ಅವರದೇ.

ಮೂವತ್ತರ ದಶಕದ ಮೊದಲಲ್ಲಿ ಸರ್ಕಾರ ಒಂದು ಮಸೂದೆ ತಂದಿತು. ಕಳಸದ ದಾರಿ ಅಗಲ ಮಾಡಬೇಕು, ಸೇತುವೆ ಕಟ್ಟಬೇಕು, ಹಣ ಬೇಕು. ಅದಕ್ಕೆ ಕೊಟ್ಟಿಗೆಹಾರದ ಚೌಕಿಯಲ್ಲಿ ಹೇರು ಹೊತ್ತ ಪ್ರತಿ ಎತ್ತಿಗೂ ಸುಂಕ. ದಾರಿ ಯಾರಿಗೆ ಬೇಡ? ಮುಸ್ತಫಾನಿಗೂ ಬೇಕಿತ್ತು. ಆದರೆ ಘಟ್ಟದಲ್ಲಿ ದಾರಿಯ ಖರ್ಚೆಲ್ಲ ಹಗ್ಗ ಹಿಡಿದವನದು. ಭದ್ರೆ ತುಂಬಿದಾಗ ದೋಣಿಯವನಿಗೆ ಕೊಡುವುದು ಹೇರಿನವನು, ತಂಗಿದಲ್ಲಿ ಹುಲ್ಲಿಗೆ ಕೊಡುವುದು ಹೇರಿನವನು. ಬಾಡಿಗೆ ಎಲೆ ಅಡಿಕೆಯ ದಿನವೇ ತೀರ್ಮಾನ, ಆಮೇಲೆ ಅದನ್ನು ಎತ್ತುವಂತಿಲ್ಲ. ಚೌಕಿಯವನು ಕೈ ಚಾಚಿದರೆ ಅದೂ ಹೇರಿನವನ ಕೈಯಿಂದಲೇ ಹೋಗುತ್ತದೆ, ಎತ್ತಿನ ಹಿಂಡಿಯಿಂದ ಹೋಗುತ್ತದೆ. ಒಂದೆರಡು ಹಂಗಾಮು ಹೀಗೆ ನಡೆದರೆ ಎತ್ತುಗಳನ್ನು ಕೊಂಡೊಯ್ಯಲು ಬಯಲುಸೀಮೆಯ ದಲ್ಲಾಳಿ ಬರುತ್ತಾನೆ. ಅವು ಹೋದ ಮೇಲೆ ಮುಸ್ತಫಾ ಏನು? ಯಾರದೋ ತೋಟದಲ್ಲಿ ಮೇಸ್ತ್ರಿಯ ಕೂಗಿಗೆ ಓಗೊಡುವ ಕೂಲಿ. ಇದನ್ನು ನೆನೆದಾಗೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

ಮೈಸೂರಿನ ಶಾಸನ ಸಭೆಯಲ್ಲಿ ಮಸೂದೆಗೆ ಗಲಾಟೆಯಾಗಿ, ಪರಿಶೀಲನೆಗೆ ಸಮಿತಿಯೊಂದಕ್ಕೆ ಒಪ್ಪಿಸಿದರು. ಸಮಿತಿ ಚಿಕ್ಕಮಗಳೂರಿಗೆ ಬಂದು ಸುಂಕ ಕೊಡಬೇಕಾದವರ ಬಾಯಿಂದಲೇ ಕೇಳುತ್ತದೆ ಎಂದು ಡಂಗುರ ಸಾರಿದರು. ಹೇರಿನವರಿಂದಲೂ ಸಾಕ್ಷಿ ಬೇಕೆಂದರು. ಇಲ್ಲೇ ತಪ್ಪಾದದ್ದು. ಹೇರಿನವನು ಮನೆಯಲ್ಲಿ ಸಿಗುವ ಮನುಷ್ಯನಲ್ಲ. ಅವನು ಎಲ್ಲಿದ್ದಾನೆ ಎನ್ನುವುದು ಅವನ ಯಜಮಾನರಿಗೇ ಗೊತ್ತು. ಹಾಗಾಗಿ ತಾಲ್ಲೂಕಿನ ಅಮಲ್ದಾರರು ಕರೆಯನ್ನು ಯಜಮಾನರ ಮೂಲಕವೇ ಕಳಿಸಿದರು. ಕಳಸದಿಂದ ಚಿಕ್ಕಮಗಳೂರಿಗೆ ಬರಿ ಬೆನ್ನಿನ ಎತ್ತು ಹೊಡೆದುಕೊಂಡು ಹೋಗುವ ಹುಚ್ಚ ಯಾರಿದ್ದಾನೆ? ಯಜಮಾನರು ಹೇರು ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಹೇರಿನವರು ತೆಗೆದುಕೊಂಡರು.

ಮುಸ್ತಫಾನೂ ತೆಗೆದುಕೊಂಡ. ಚೀಲ ಮಂಡಿಯಲ್ಲಿ ಇಳಿಸಿ, ಮುಖ ತೊಳೆದು, ಆಮೇಲೆ ಸಮಿತಿಯ ಮುಂದೆ ನಿಲ್ಲುವುದು ಎಂದು ಅವನ ಲೆಕ್ಕ. ಹೊರಡುವ ಮೊದಲು ಹೆಂಡತಿ ರೌಶನ್ ಬೀಗೆ ತಾನು ಹೇಳಬೇಕೆಂದಿದ್ದುದನ್ನೆಲ್ಲ ಒಮ್ಮೆ ಹೇಳಿ ತೋರಿಸಿದ. ಹೇಳುತ್ತ ಹೇಳುತ್ತ ದನಿ ಏರಿ ಕೊಟ್ಟಿಗೆಯ ಎತ್ತುಗಳು ಎದ್ದು ನಿಂತವು.

“ಅಲ್ಲಿ ಕೋಪ ಮಾಡ್ಕೋಬೇಡಿ,” ಅಂದಳು ರೌಶನ್ ಬೀ. “ಇಟ್ಕೊಂಡು ಬನ್ನಿ. ಮನೇಲಿ ಮಾಡ್ಕೊಳ್ಳೋಣ.”

ಚಿಕ್ಕಮಗಳೂರಿನ ಬಾಗಿಲಲ್ಲೇ ಚಂದ್ರಶೇಖರಪ್ಪನವರ ಆಳು ಕಾದಿದ್ದ. ಹೊತ್ತಾಗಿದೆ, ಸಮಿತಿ ಕೂತಿದೆ, ಮಂಡಿಗೆ ಹೋಗುವುದು ಬೇಡ, ನೇರ ಬಂಗಲೆಗೆ ಬರಬೇಕೆಂದು ಯಜಮಾನರ ಅಪ್ಪಣೆ ಅಂದ. ಮುಸ್ತಫಾನಿಗೆ ಆಗ ಏನೂ ಹೊಳೆಯಲಿಲ್ಲ. ಪ್ರವಾಸಿ ಬಂಗಲೆಯ ಅಂಗಳಕ್ಕೆ ಎತ್ತುಗಳನ್ನು ಹೊಡೆದ. ಅವು ಹೇರು ಹೊತ್ತೇ ಸರ್ಕಾರದ ಬೇಲಿಯ ಚಿಗುರು ಮೇಯತೊಡಗಿದವು.

ಬಂಗಲೆಯ ಜಗಲಿಯಲ್ಲಿ ಕೆಂಪು ಪಟ್ಟಿಯ ದಲಾಯತ ಚೌಡಯ್ಯ ಸಾಕ್ಷಿದಾರರನ್ನು ಹೆಸರು ಹಿಡಿದು ಕೂಗುತ್ತಿದ್ದ. ಸಮಿತಿಯ ಜೊತೆಗೇ ಊರೂರು ತಿರುಗಿದವನು, ಅರ್ಧ ಸದಸ್ಯನೇ ಆಗಿಬಿಟ್ಟಿದ್ದ.

“ಈ ಸಮಿತಿ ಅನ್ನೋದು ಎಂತ ಮಾಡ್ತದೆ ಮಾರಾಯ?” ಎಂದು ಮುಸ್ತಫಾ ಕೇಳಿದ.

“ದೊಡ್ಡ ಸಭೇಲಿ ತುಂಬಾ ಜನ ಸಾಬ್ರೆ. ಅಲ್ಲಿ ಅನ್ನ ಆಗೋದಿಲ್ಲ, ಬರೀ ಹೊಗೆ. ಅದಕ್ಕೆ ನಾಲ್ಕಾರು ಜನರ ಕೈಗೆ ಮೊರ ಕೊಟ್ಟು ಆಚೆ ಕೂರಿಸ್ತಾರೆ. ಇವ್ರು ಕಲ್ಲು ಆರಿಸಿ ಕೊಟ್ಟ ಮೇಲೆ ಅಲ್ಲಿ ಒಲೆ ಮೇಲಿಡೋದು.”

“ಇವ್ರು ಕಲ್ಲನ್ನೇ ಅಕ್ಕಿ ಅಂದ್ಕೊಂಡ್ರೆ?”

“ಅದಕ್ಕೇ ಅಲ್ವಾ ನಿಮ್ಮನ್ನ ಕರ್ಸಿರೋದು.”

ಕಿಟಕಿ ತೆರೆದಿತ್ತು. ಮುಸ್ತಫಾ ಕಂಬಕ್ಕೆ ಒರಗಿ ಒಳಗಿನದನ್ನು ಕೇಳಿದ. ರೆವಿನ್ಯೂ ಇಲಾಖೆಯ ಅಧಿಕಾರಿಯೊಬ್ಬರನ್ನು ಸದಸ್ಯರು ಒಬ್ಬರಾದ ಮೇಲೆ ಒಬ್ಬರು ಹಿಡಿದಿದ್ದರು. ಈ ಸುಂಕದಿಂದ ಬರುವುದೆಷ್ಟು, ಚೌಕಿ ಕಾಯುವವರ ಸಂಬಳಕ್ಕೆ ಹೋಗುವುದೆಷ್ಟು, ಹೋಗಿ ಸೇತುವೆಗೆ ಉಳಿಯುವುದೆಷ್ಟು? ಎತ್ತಿನ ಬದಲು ತೋಟದ ಎಕರೆಯ ಮೇಲೆ ಹಾಕಿದರೆ ಏನಾಗುತ್ತದೆ? ಸಣ್ಣ ತೋಟದವನು ತಾಳಿಕೊಳ್ಳುತ್ತಾನೆಯೆ? ಪಕ್ಕದ ಸೀಮೆಯಲ್ಲಿ ಇಂಥದ್ದು ಇದೆಯೆ, ಅಲ್ಲಿ ಜನ ಕಳ್ಳದಾರಿ ಹಿಡಿದದ್ದುಂಟೆ? ಮಸೂದೆಯ ಒಂದೊಂದು ಕಲಮನ್ನೂ ಓದಿ, ಅದನ್ನು ಅಡಿಮೇಲು ಮಾಡಿ ಕೇಳುತ್ತಿದ್ದರು. ಅಧಿಕಾರಿ ಒಂದಕ್ಕೆ ಗೊತ್ತಿಲ್ಲ ಅಂದರೆ, ತಿಳಿದು ಹೇಳಿ ಎಂದು ಅದನ್ನು ಗುರುತು ಮಾಡಿಕೊಳ್ಳುತ್ತಿದ್ದರು. ಮುಸ್ತಫಾನಿಗೆ ಒಂದು ಥರ ಹೆಮ್ಮೆಯಾಯಿತು. ತನ್ನ ಎತ್ತಿನ ಹಿಂಡಿಯ ವಿಷಯವನ್ನು ಪೇಟ ಕಟ್ಟಿದವರು ಕುರ್ಚಿಯ ಮೇಲೆ ಕೂತು ಇಷ್ಟು ಹೊತ್ತು ಯೋಚಿಸುತ್ತಾರೆಂದು ಅವನು ಎಣಿಸಿರಲಿಲ್ಲ.

ಆಮೇಲೆ ಚಂದ್ರಶೇಖರಪ್ಪನವರು ಸಾಕ್ಷಿ ಹೇಳಿದರು. ಎಕರೆಯ ಮೇಲೆ ಹಾಕಿದರೆ ಕಾಫಿ ಬೆಳೆಯುವವನು ಸತ್ತ. ಎತ್ತಿನ ಸುಂಕವೇ ಮೇಲು. ಹೇರಿನವರಿಗೆ ಅದರಿಂದ ಏನೂ ತೊಂದರೆಯಿಲ್ಲ, ಹೇಗಿದ್ದರೂ ಕೊನೆಗೆ ಹೊರುವವರು ಯಜಮಾನರಾದ ನಾವೇ. ಬೇಕಾದರೆ ಹೇರಿನವರನ್ನೇ ಕೇಳಿ, ಅಂಗಳದಲ್ಲೇ ಇದ್ದಾರೆ ಅಂದರು.

ಮೊದಲು ಬಾಳೂರಿನ ಹೇರಿನವರು ಒಳಗೆ ಹೋಗಿ ಬಂದರು, ಆಮೇಲೆ ಹೊರನಾಡಿನ ಶೇಷಪ್ಪನನ್ನು ಕೂಗಿದರು. ಅವನೂ ಹೇರಿನವನೇ, ಅವನ ಎತ್ತುಗಳೂ ಬೇಲಿಯ ಹತ್ತಿರ ಹೇರು ಹೊತ್ತು ನಿಂತಿದ್ದವು. ದಾರಿಯಲ್ಲಿ ತಂಗಿದ್ದಾಗ ಸುಂಕದ ಮಾತೆತ್ತಿ ಕಣ್ಣಲ್ಲಿ ನೀರು ತಂದುಕೊಂಡಿದ್ದವನು ಒಳಗೆ ಹೋಗಿ, ಯಜಮಾನ್ರು ಹೇಳಿದಂಗೇ ಸ್ವಾಮಿ ಎಂದು ಒಂದೇ ಮಾತು ಹೇಳಿ ಬಂದ. ಹೊರಗೆ ಬಂದವನು ಮುಸ್ತಫಾನ ಮುಖ ನೋಡಲಿಲ್ಲ. ರುಮಾಲಿನ ಸೆರಗಿನ ಗಂಟನ್ನು ಬೆರಳಿನಿಂದ ಮುಟ್ಟಿಕೊಂಡು ಮೆಟ್ಟಿಲಿಳಿದ.

ಆಗ ಮುಸ್ತಫಾನಿಗೆ ಹೊಳೆಯಿತು, ಮಂಡಿಗೆ ಹೋಗದೆ ನೇರ ಬಂಗಲೆಗೆ ಯಾಕೆ ಬರಹೇಳಿದರೆಂದು. ತನ್ನ ಗಂಟನ್ನೂ ಮುಟ್ಟಿ ನೋಡಿಕೊಂಡ. ಅಡಿಕೆ ಗಟ್ಟಿಯಾಗಿ ಕೂತಿತ್ತು. ಅಷ್ಟರಲ್ಲಿ ಚೌಡಯ್ಯ ಅವನ ಹೆಸರು ಕೂಗಿದ.

ಜೋಡು ಬಿಟ್ಟು ಒಳಗೆ ಹೋದ. ಮೇಜಿನ ಆಚೆ ಸದಸ್ಯರು, ನಡುವೆ ಬಿಳಿ ಮೀಸೆಯ ಅಧ್ಯಕ್ಷರು. ಪಕ್ಕದ ಕುರ್ಚಿಯಲ್ಲಿ ಚಂದ್ರಶೇಖರಪ್ಪನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸುಂಕವನ್ನು ಯಜಮಾನರೇ ಭರಿಸುತ್ತಾರೆ, ನಿಮಗೇನೂ ಭಾರವಿಲ್ಲ ಎನ್ನುವುದು ಸರಿಯೆ ಎಂದು ಅಧ್ಯಕ್ಷರು ಕೇಳಿದರು.

ಮುಸ್ತಫಾನ ಕೈ ಮತ್ತೆ ರುಮಾಲಿನ ಗಂಟಿಗೆ ಹೋಯಿತು. ಹೌದು ಅಂದರೆ ಎತ್ತು ಹೋಗುತ್ತದೆ. ಅಲ್ಲ ಅಂದರೆ ಅಪ್ಪನ ಕಾಲದಿಂದ ಬಂದ ಕಟ್ಟು ಹೋಗುತ್ತದೆ. ಕಟ್ಟು ಮುರಿದವನ ಮಾತಿಗೆ ನಾಳೆ ಯಾವ ಘಟ್ಟದಲ್ಲಿ ಬೆಲೆ? ಕೋಪ ಉಕ್ಕಿತು. ರೌಶನ್ ಬೀಯ ಮಾತು ನೆನಪಾಗಿ ಅದನ್ನು ನುಂಗಿದ.

ಹಾಸನದ ಕಡೆಯ ವಕೀಲರೊಬ್ಬರು ಸಮಿತಿಯಲ್ಲಿದ್ದರು, ತೆಳ್ಳಗಿನವರು, ಬೆಳಗಿನಿಂದ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವರು. ಅವರು ಮುಂದೆ ಬಾಗಿ, ಹೆದರಬೇಡಿ, ಇಲ್ಲಿ ಹೇಳಿದ್ದಕ್ಕೆ ಯಾರೂ ನಿಮ್ಮನ್ನು ಏನೂ ಮಾಡುವಂತಿಲ್ಲ ಅಂದರು.

“ಹೆದರಿಕೆ ಅಲ್ಲ ಸ್ವಾಮಿ,” ಅಂದ ಮುಸ್ತಫಾ. “ನನ್ನ ಮೇಲೆ ಹೇರು ಇದೆ.”

ಸದಸ್ಯರು ಅವನ ಹೆಗಲು ನೋಡಿದರು. ಕಂಬಳಿಯ ಹೊರತು ಏನೂ ಇರಲಿಲ್ಲ. ಒಬ್ಬರು ನಕ್ಕರು. ಚಂದ್ರಶೇಖರಪ್ಪನವರು ಮೆತ್ತಗೆ, ಪಾಪದವನು, ಒಪ್ಪಿಗೆ ಅಂತಲೇ ಅವನ ಮಾತಿನ ಅರ್ಥ, ಹಾಗೇ ಬರೆದುಕೊಳ್ಳಬಹುದು ಅಂದರು.

ಮುಸ್ತಫಾ ತಿರುಗಿದ. “ಬರ್ಕೋಬೇಡಿ. ಇಳಿಸಿ ಬರ್ತೀನಿ,” ಅಂದವನೇ ಬಾಗಿಲು ದಾಟಿದ. ಜೋಡಿನ ಕಡೆ ನೋಡಲೂ ಇಲ್ಲ. ಕಳಸದವರು ಓಟ ಅನ್ನುವುದು ಇದನ್ನೇ.

ಆಮೇಲೆ ಒಳಗೆ ನಡೆದದ್ದನ್ನು ಅವನಿಗೆ ಹೇಳಿದವನು ಚೌಡಯ್ಯ. ಸಾಯಂಕಾಲ ಕಡೂರಿನ ರೈಲಿಗೆ ಮೋಟಾರು ಸಿದ್ಧವಿತ್ತು, ಸಾಕ್ಷಿ ಮುಗಿಯಿತೆಂದು ಅಧ್ಯಕ್ಷರು ಮುಂದಕ್ಕೆ ಹೋಗಬೇಕೆಂದಿದ್ದರು. ವಕೀಲರು ತಡೆದರು. ಈ ಮನುಷ್ಯ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಬರುತ್ತೇನೆ ಅಂದಿದ್ದಾನೆ. ಅವನ ಹೆಸರನ್ನು ಕೊನೆಗೆ ಹಾಕಿ, ಅಲ್ಲಿಯವರೆಗೆ ಉಳಿದ ಕಲಮುಗಳನ್ನು ನೋಡೋಣ ಅಂದರು. ಅಧ್ಯಕ್ಷರು ಗಡಿಯಾರ ನೋಡಿ ಒಪ್ಪಿದರು. ಚಂದ್ರಶೇಖರಪ್ಪನವರು ಒಂದು ನಿಮಿಷ ಎಂದು ಹೊರಗೆ ಬಂದು, ತಮ್ಮ ಆಳನ್ನು ಸೈಕಲ್ಲಿನ ಮೇಲೆ ಎಲ್ಲಿಗೋ ಕಳಿಸಿದರು.

ಎಲ್ಲಿಗೆ ಅನ್ನುವುದು ಮುಸ್ತಫಾನಿಗೆ ಮಂಡಿಯ ಮುಂದೆ ತಿಳಿಯಿತು. ಬಜಾರಿನ ನಡುವೆ ಗಂಟೆ ಬಾರಿಸಿಕೊಂಡು, ಬರಿಗಾಲಲ್ಲಿ, ಎತ್ತುಗಳ ನಡಿಗೆಯಲ್ಲೇ ಬಂದು ನೋಡುತ್ತಾನೆ, ಮಂಡಿಯ ಬಾಗಿಲು ಮುಚ್ಚಿದೆ. ಲಿಂಗಪ್ಪ ಮೆಟ್ಟಿಲ ಮೇಲೆ ನಿಂತಿದ್ದಾನೆ. ಬೀಗದ ಕೈ ಸೊಂಟದಲ್ಲಿದೆ.

ಯಜಮಾನರು ಬರುವ ತನಕ ನಿಮ್ಮ ಹೇರು ಇಳಿಸಿಕೊಳ್ಳಬಾರದೆಂದು ಹೇಳಿಕಳಿಸಿದ್ದಾರೆ ಅಂದ ಲಿಂಗಪ್ಪ. ಮುಸ್ತಫಾ ಉಸಿರು ತೆಗೆದುಕೊಂಡ. ಹೊಟ್ಟೆಯಲ್ಲಿ ಇದ್ದಬದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು, ಆದರೆ ಗಂಟಿನಲ್ಲಿ ಅಡಿಕೆ ಇತ್ತು. ಬೈಯುವ ಹಾಗೂ ಇಲ್ಲ. ಚೀಲಗಳನ್ನು ಬೀದಿಯಲ್ಲಿ ಕೆಡವಿ ಹೋದರೆ ಅದು ಇಳಿಸಿದ್ದಲ್ಲ, ಎಸೆದದ್ದು. ಅವನ ಜೀವಮಾನದಲ್ಲಿ ಅಷ್ಟು ಹೊತ್ತು ಅವನು ಬಾಯಿ ಮುಚ್ಚಿ ಯಾರ ಮುಖವನ್ನೂ ನೋಡಿದ್ದಿಲ್ಲ. ನಡೆದದ್ದನ್ನು ಕೊನೆಗೆ ಹೇಳಿದ. ಯಾರನ್ನೂ ದೂರದೆ, ಸಮಿತಿ ಕಾಯುತ್ತಿದೆ, ಹೇರು ಇಳಿಯದೆ ನಾನು ಮಾತಾಡುವಂತಿಲ್ಲ, ಇಷ್ಟೇ.

ಲಿಂಗಪ್ಪ ಮೆಟ್ಟಿಲಿಳಿದು ಎತ್ತುಗಳ ಸಾಲಿನ ಉದ್ದಕ್ಕೂ ಹೋದ. ಹಿಂದಿನ ಎತ್ತೊಂದರ ಮೊಣಕಾಲು ನಡುಗುತ್ತಿತ್ತು. ಬೆಳಗಿನಿಂದ ಅವು ಹೇರು ಹೊತ್ತೇ ನಿಂತಿದ್ದವು. ಅದರ ಕೊರಳಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಹಿಂದಿರುಗಿ ಬಂದು ಬೀಗ ತೆಗೆದ. ಹಮಾಲರನ್ನು ಕರೆದ.

ಚೀಲಗಳು ಇಳಿದವು. ಲಿಂಗಪ್ಪ ಆ ದಿನ ಯಾವ ಚೀಲಕ್ಕೂ ಮೂಗಿಡಲಿಲ್ಲ. ಮುಸ್ತಫಾ ರುಮಾಲಿನ ಗಂಟು ಬಿಚ್ಚಿದ, ಬೆವರಿಗೆ ಬಿಗಿದು ಹಲ್ಲಿನಿಂದ ಬಿಚ್ಚಬೇಕಾಯಿತು. ಅಡಿಕೆಯನ್ನು ಲಿಂಗಪ್ಪನ ಅಂಗೈಯಲ್ಲಿಟ್ಟ.

“ಹೇರು ಇಳೀತು,” ಅಂದ ಲಿಂಗಪ್ಪ.

ಮುಸ್ತಫಾನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅಕ್ಕಪಕ್ಕದ ಅಂಗಡಿಯವರು ಆಗಲೇ ಬಂದು ನಿಂತಿದ್ದರು. ಲಿಂಗಪ್ಪ ಕೈ ಎತ್ತಿದ.

“ಈಗ ಬೇಡ ಸಾಬ್ರೆ, ಹೊತ್ತಾಗ್ತದೆ. ಇವತ್ತಿನ ಬೈಗುಳ ಬಾಕಿ ಇರ್ಲಿ. ಹೋಗಿ.”

“ನಿಮ್ಮ ಯಜಮಾನ್ರು ನಿಮ್ಮನ್ನ ಬಿಡ್ತಾರಾ?”

“ಬಾಗಿಲಿಗೆ ಬಂದ ಹೇರನ್ನ ನಿಲ್ಲಿಸಿದ ಮಂಡಿ ಅಂತ ಹೆಸರು ಬರೋದು ಬೇಡ. ನೀವು ಹೋಗಿ ಮಾರಾಯ್ರೆ.”

ಎತ್ತುಗಳನ್ನು ಮಂಡಿಯ ಅಂಗಳದಲ್ಲೇ ಬಿಟ್ಟು ಮುಸ್ತಫಾ ಬಂಗಲೆಗೆ ಬಂದ. ಆಗ ಓಡಿದ್ದು ನಿಜ. ಆದರೆ ಅದು ಸಮಿತಿಯ ಕಡೆಗೆ ಓಡಿದ್ದು, ಅದನ್ನು ಹೇಳುವವರಿಲ್ಲ.

ಮೇಜಿನ ಮುಂದೆ ನಿಂತು ಮೊದಲು ಬರಿಯ ರುಮಾಲಿನ ಸೆರಗು ತೋರಿಸಿದ. ಎಲೆ ಅಡಿಕೆಯ ಕಟ್ಟು ಏನೆಂದು ಹೇಳಿದ. ಆಮೇಲೆ ದೋಣಿ, ಹುಲ್ಲು, ಬಾಡಿಗೆ, ಚೌಕಿ, ಒಂದೊಂದಾಗಿ. ವಕೀಲರು ನಡುನಡುವೆ ಕೇಳುತ್ತಿದ್ದರು. ದಾರಿಯಲ್ಲಿ ಹೋದದ್ದನ್ನು ಯಾವತ್ತಾದರೂ ಯಜಮಾನರಿಂದ ವಾಪಸು ಪಡೆದದ್ದುಂಟೆ? ಇಲ್ಲ. ಹಾಗಾದರೆ ಸುಂಕವೇ ಬೇಡವೆ? ಬೇಕು, ಸೇತುವೆ ಆಗಬೇಕು, ಆದರೆ ಹೇರು ಯಾರದೋ ಅವರಿಂದ ತೆಗೆದುಕೊಳ್ಳಿ. ಚೌಕಿಯಲ್ಲಿ ಹೇರಿನ ಒಡೆಯ ಸಿಗುವುದಿಲ್ಲವಲ್ಲ? ಸಿಗುವ ಜಾಗದಲ್ಲಿ ಕೇಳಿ, ಇಳಿಸುವ ಮಂಡಿಯಲ್ಲಿ. ದನಿ ಏರಿತು, ಆದರೆ ಬೈಗುಳ ಒಂದೂ ಬರಲಿಲ್ಲ. ಅವನ ಸೊಕ್ಕಿಗೆಲ್ಲ ಇದೇ ಕಿರೀಟ, ಈಗಲೂ.

ಚಂದ್ರಶೇಖರಪ್ಪನವರು ಕಾಲು ಇಳಿಸಿ ಕೂತರು. ಬಾಡಿಗೆ ಸಾಲದೆಂದು ಇವನು ಒಂದು ದಿನವಾದರೂ ಕೇಳಿದ್ದರೆ ಕೊಡುತ್ತಿರಲಿಲ್ಲವೆ ಅಂದರು ಅಧ್ಯಕ್ಷರ ಕಡೆ ನೋಡಿ.

“ಕೇಳೋ ಬಾಯನ್ನ ನಿಮ್ಮ ಅಡಿಕೆ ಜೊತೆ ಗಂಟು ಹಾಕ್ಕೊಂಡಿರ್ತೀನಲ್ಲ ಯಜಮಾನ್ರೆ,” ಅಂದ ಮುಸ್ತಫಾ. “ಇವತ್ತು ಬಿಚ್ಚಿದೀನಿ. ಕೇಳ್ತಾ ಇದೀನಿ.”

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಆಮೇಲೆ, ಬೆಳಗ್ಗೆ ಸಾಕ್ಷಿ ಹೇಳಿದ ಉಳಿದ ಹೇರಿನವರು ಹೇರು ಇಳಿಸಿದ್ದರೋ ಎಂದು ಚೌಡಯ್ಯನನ್ನು ಕೇಳಿದರು. ಇಲ್ಲ, ಈಗ ಇಳಿಸಲು ಹೋಗಿದ್ದಾರೆ ಎಂದು ಉತ್ತರ ಬಂತು. ಮೋಟಾರಿನವನಿಗೆ ನಾಳೆ ಬಾ ಅನ್ನು ಅಂದರು ಅಧ್ಯಕ್ಷರು. ಬೆಳಗಿನ ಸಾಕ್ಷಿಯನ್ನು ಹಾಗೇ ಇಟ್ಟು, ಅವರೆಲ್ಲರನ್ನೂ ಮತ್ತೊಮ್ಮೆ ಕೇಳಬೇಕೆಂದು ಅಲ್ಲೇ ತೀರ್ಮಾನವಾಯಿತು.

ಮರುದಿನ ಶೇಷಪ್ಪ ಬಂದ, ಬಾಳೂರಿನವರು ಬಂದರು, ಕರೆಯದವರೂ ಬಂದರು. ಎಲ್ಲರ ಸೆರಗೂ ಖಾಲಿ. ಹಿಂದಿನ ದಿನ ಒಂದೇ ಮಾತಾಡಿ ಹೋಗಿದ್ದ ಶೇಷಪ್ಪನನ್ನು ಆ ದಿನ ಸಾಕು ಎಂದು ಕೂರಿಸಲು ಚೌಡಯ್ಯನೇ ಕೈ ಹಿಡಿಯಬೇಕಾಯಿತು. ಮುಸ್ತಫಾ ಜಗಲಿಯ ಕಂಬಕ್ಕೆ ಒರಗಿ ಕಿಟಕಿಯಿಂದ ಕೇಳುತ್ತ ನಿಂತಿದ್ದ. ಜೋಡು ಬಿಟ್ಟಲ್ಲೇ ಇತ್ತು.

ಸಮಿತಿ ಮೈಸೂರಿಗೆ ಹೋಗಿ, ಕಲಮನ್ನು ತಿದ್ದಿ ಸಭೆಗೆ ಒಪ್ಪಿಸಿತು. ಒಬ್ಬಿಬ್ಬರು ಸದಸ್ಯರು ತಮ್ಮ ಭಿನ್ನಾಭಿಪ್ರಾಯವನ್ನೂ ಸೇರಿಸಿದರಂತೆ. ಸಭೆ ತಿದ್ದಿದ್ದನ್ನೇ ಒಪ್ಪಿತು. ಸುಂಕ ಹೇರಿನ ಒಡೆಯನದು, ಇಳಿಸುವ ಮಂಡಿಯಲ್ಲಿ ವಸೂಲು. ಕೊಟ್ಟಿಗೆಹಾರದಲ್ಲಿ ಹಗ್ಗ ಹಿಡಿದವನ ಮುಂದೆ ಯಾರೂ ಕೈ ಚಾಚಲಿಲ್ಲ. ಮುಸ್ತಫಾನ ಎತ್ತು ಒಂದೂ ಮಾರಾಟವಾಗಲಿಲ್ಲ. ಚಂದ್ರಶೇಖರಪ್ಪನವರು ಅವನಿಗೆ ಹೇರು ಕೊಡುವುದನ್ನು ನಿಲ್ಲಿಸಿದರು. ಸಣ್ಣ ತೋಟದವರು ಹುಡುಕಿಕೊಂಡು ಬಂದು ಕೊಟ್ಟರು. ಸೇತುವೆಯೂ ಆಯಿತು. ಅದರ ಮೇಲೆ ಗಂಟೆ ಬಾರಿಸಿಕೊಂಡು ಮೊದಲು ದಾಟಿದ ಎತ್ತು ತನ್ನದೇ ಎಂದು ಮುಸ್ತಫಾ ಹೇಳುತ್ತಾನೆ. ಶೇಷಪ್ಪನೂ ಹಾಗೇ ಹೇಳುತ್ತಾನೆ, ಅದು ಬೇರೆ ಜಗಳ.

ಲಿಂಗಪ್ಪನನ್ನು ಮಂಡಿಯಿಂದ ತೆಗೆದದ್ದು ಆ ವಾರವೇ. ಮುಸ್ತಫಾನಿಗೆ ತಿಳಿದದ್ದು ಮುಂದಿನ ಹೇರಿಗೆ. ತರೀಕೆರೆಯ ಕಡೆ ಮಗಳ ಮನೆಗೆ ಹೋಗಿದ್ದಾನೆಂದು ಕೇಳಿ, ಅಲ್ಲಿಗೇ ಹುಡುಕಿಕೊಂಡು ಹೋದ. ಏಲಕ್ಕಿ, ಜೇನು, ರೌಶನ್ ಬೀ ಕಟ್ಟಿಕೊಟ್ಟ ತುಪ್ಪ. ಲಿಂಗಪ್ಪ ಜಗಲಿಯ ಮೇಲೆ ಕೂತು ಯಾರದೋ ಅಂಗಡಿಯ ಲೆಕ್ಕ ಬರೆಯುತ್ತಿದ್ದ. ಬಡವಾಗಿದ್ದ. ಕನ್ನಡಕದ ದಾರ ಅದೇ.

ಏನನ್ನೂ ತೆಗೆದುಕೊಳ್ಳಲಿಲ್ಲ. ಕಳಸಕ್ಕೆ ಬನ್ನಿ, ಸಣ್ಣ ತೋಟದವರೆಲ್ಲ ಸೇರಿ ಮಂಡಿ ಮಾಡುತ್ತಾರೆ, ನೀವೇ ರೈಟರ್ ಆಗಿ ಅಂದರೆ, ಆ ಚಳಿ ನನಗಾಗದು ಅಂದ. ಮುಸ್ತಫಾ ಬಿಡಲಿಲ್ಲ. ಕೊನೆಗೆ ಲಿಂಗಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಅಂದ:

“ನನಗೆ ಬರಬೇಕಾದ್ದು ಬೈಗುಳ ಸಾಬ್ರೆ. ಕೊಡೋದಾದ್ರೆ ಅದನ್ನ ಕೊಡಿ. ಕೇಳಿ ತುಂಬಾ ದಿನ ಆಯ್ತು.”

ಮುಸ್ತಫಾ ಎದ್ದು ನಿಂತ. ರುಮಾಲು ಸರಿ ಮಾಡಿಕೊಂಡ. ಬಾಯಿ ತೆರೆದ. ಕರಿ ಮನಸ್ಸಿನವನೇ ಅನ್ನುವ ಮಾತು ನಾಲಿಗೆಯ ಮೇಲೆ ಬಂದು ಅಲ್ಲೇ ನಿಂತಿತು. ಲಿಂಗಪ್ಪ ಕಿವಿ ಕೊಟ್ಟು ಕಾದ. ಮನೆಯೊಳಗಿನಿಂದ ಮಗಳು ನೀರು ತಂದಿಟ್ಟಳು. ಮುಸ್ತಫಾ ನೀರು ಕುಡಿದು, ಮುಂದಿನ ಸಲ ಎಂದು ಹೇಳಿ ಬಂದ.

ಮುಂದಿನ ಸಲವೂ ಹೋದ, ಅದರ ಮುಂದಿನ ಸಲವೂ ಹೋದ. ಪ್ರತಿ ಸಲವೂ ಲಿಂಗಪ್ಪ ಕೇಳುವುದು, ಇವನು ಎದ್ದು ನಿಲ್ಲುವುದು, ನೀರು ಕುಡಿದು ಬರುವುದು. ಯುದ್ಧ ಶುರುವಾದ ವರ್ಷ ಲಿಂಗಪ್ಪ ತೀರಿಕೊಂಡ. ಸುದ್ದಿ ತಂದವನನ್ನು, ಮೊದಲೇ ಹೇಳಲಿಲ್ಲವೆಂದು ಮುಸ್ತಫಾ ಕಳಸದ ಪೇಟೆ ಪೂರ್ತಿ ಕೇಳುವಂತೆ ಬೈದ. ಲಿಂಗಪ್ಪನಿಗೆ ಸಲ್ಲಬೇಕಾದದ್ದು ಮಾತ್ರ ಇನ್ನೂ ಇವನಲ್ಲೇ ಇದೆ.